‘ವೆಬ್ ಆಫ್ ಫಿಯರ್’ 3ನೇ ಕಂತು: ಫೋಟೊ, ಅನಿಮೇಷನ್, ಬರೀ ಧ್ವನಿ, ಯಾವುದು ವಾಸಿ?

ಆರು ಕಂತಿನ ಕಥೆ. ಐದು ಸಿಕ್ಕಿವೆ, ನಡುವಿನ ಒಂದು ಇಲ್ಲ. ಬ್ರಿಟನ್ನಿನ ವೈಜ್ಞಾನಿಕ ಕಲ್ಪನೆಯ ಟಿವಿ ಸರಣಿ ‘ಡಾಕ್ಟರ್ ಹೂ’ನ ‘ದಿ ವೆಬ್ ಆಫ್ ಫಿಯರ್’ ನೋಡಲು ಕೂತವರೆಲ್ಲ ಮೂರನೇ ಕಂತಿಗೆ ಬಂದಾಗ ಮುಗ್ಗರಿಸುತ್ತಾರೆ. 1968ರ ಫೆಬ್ರವರಿ, ಮಾರ್ಚ್‌ನಲ್ಲಿ ಬಿಬಿಸಿಯಲ್ಲಿ ಬಂದದ್ದು ಇದು. ಲಂಡನ್ನಿನ ನೆಲದಡಿಯ ರೈಲು ಸುರಂಗದಲ್ಲಿ ಯೇತಿಗಳು (ಹಿಮಮಾನವನ ರೂಪದ ರೋಬೊಗಳು) ಓಡಾಡುತ್ತವೆ, ಎಲ್ಲೆಲ್ಲೂ ಜೇಡರ ಬಲೆಯಂಥದ್ದು ಹಬ್ಬಿದೆ, ಗೂಜ್ ಸ್ಟ್ರೀಟ್‌ನ ಅಡಿಯಲ್ಲಿ ಒಂದಷ್ಟು ಸೈನಿಕರು ಸಿಕ್ಕಿಹಾಕಿಕೊಂಡಿದ್ದಾರೆ.

ಆ ಕಾಲದಲ್ಲಿ ಟೇಪು ದುಬಾರಿ, ಅಳಿಸಿ ಮತ್ತೆ ಬಳಸುತ್ತಿದ್ದರು. ಹಾಗಾಗಿ ತುಂಬಾ ವರ್ಷ ಮೊದಲ ಕಂತು ಮಾತ್ರ ಉಳಿದಿತ್ತು. ಫಿಲಿಪ್ ಮಾರಿಸ್ ಎಂಬುವರು ನೈಜೀರಿಯಾದ ಜೋಸ್ ಊರಿನ ಟಿವಿ ಕೇಂದ್ರದಲ್ಲಿ ಹಳೇ ಫಿಲ್ಮು ಹುಡುಕಿ ತೆಗೆದರು. 2013ರಲ್ಲಿ ಸುದ್ದಿ ಹೊರಬಿತ್ತು: 2, 4, 5, 6 ಸಿಕ್ಕಿವೆ. 3 ಇಲ್ಲ. ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ, ಏಕೆಂದರೆ ಕರ್ನಲ್ ಲೆತ್‌ಬ್ರಿಜ್ ಸ್ಟೂವರ್ಟ್ ಮೊದಲ ಸಲ ಮುಖ ತೋರಿಸುವುದು ಅದೇ ಕಂತಿನಲ್ಲಿ. ಮುಂದೆ ಬ್ರಿಗೇಡಿಯರ್ ಆಗಿ ದಶಕಗಟ್ಟಲೆ ಜನ ಪ್ರೀತಿಸಿದ ಪಾತ್ರ! ನಿಕೊಲಸ್ ಕೋರ್ಟ್‌ನಿ ಮೊದಲು ಕ್ಯಾಪ್ಟನ್ ನೈಟ್ ಎಂಬ ಬೇರೆ ಪಾತ್ರಕ್ಕೆ ಆಯ್ಕೆಯಾಗಿದ್ದರು, ಕರ್ನಲ್ ಆಗಬೇಕಿದ್ದ ನಟ ಬಿಟ್ಟುಹೋದದ್ದರಿಂದ ಇದು ಇವರಿಗೆ ಬಂತು.

ಒಂದೇ ತಿಂಗಳಲ್ಲಿ ಇಡೀ ಕಥೆಯನ್ನು ಮೂರು ಸಲ ನೋಡಿದೆ. ಪ್ರತಿ ಸಲ ಕಳೆದುಹೋದ ಮೂರನೇ ಕಂತಿನ ಜಾಗಕ್ಕೆ ಮಾತ್ರ ಬೇರೆ ಬೇರೆ ರೂಪ ಹಾಕಿಕೊಂಡೆ.

ಮೊದಲು 2021ರಲ್ಲಿ ಬಂದ ಅನಿಮೇಷನ್. ಯಾರು ಎಲ್ಲಿ ನಿಂತಿದ್ದಾರೆ, ಯಾರು ಯಾರ ಕಡೆ ಓಡುತ್ತಿದ್ದಾರೆ ಎಲ್ಲ ಸ್ಪಷ್ಟ. ಮಕ್ಕಳ ಜೊತೆ ನೋಡುವುದಾದರೆ ಇದೇ ಸರಿ. ಆದರೆ ನಟರ ಚಲನೆಯನ್ನು ಕಂಪ್ಯೂಟರಿಗೆ ಹಿಡಿದು ಮಾಡಿದ ಆಕೃತಿಗಳು ಇವು, ಮೈ ಅಲ್ಲಾಡುತ್ತದೆ, ಕಣ್ಣಲ್ಲಿ ಜೀವ ಇಲ್ಲ. ಎರಡನೇ ಕಂತಿನಲ್ಲಿ ನಿಜವಾದ ನಟರ ಮುಖದ ಒಂದೊಂದು ಸುಕ್ಕೂ ಮಾತಾಡುವುದನ್ನು ಆಗಷ್ಟೇ ನೋಡಿ ಬಂದಿರುತ್ತೇವೆ, ತಕ್ಷಣ ಈ ಗೊಂಬೆ ಮುಖ ಬಂದರೆ ಮನಸ್ಸು ಕಥೆಯಿಂದ ಹೊರಗೆ ಬಂದುಬಿಡುತ್ತದೆ.

ಎರಡನೆಯದು ಫೋಟೊ ಜೋಡಿಸಿದ್ದು. ಜಾನ್ ಕ್ಯುರಾ ಎಂಬ ಫೋಟೊಗ್ರಾಫರ್ ಪ್ರಸಾರದ ಹೊತ್ತಿಗೆ ಟಿವಿ ಪರದೆಯನ್ನೇ ಕ್ಲಿಕ್ಕಿಸಿ ನಟರಿಗೆ, ನಿರ್ದೇಶಕರಿಗೆ ಮಾರುತ್ತಿದ್ದರು. ಆ ಚಿತ್ರಗಳನ್ನು ಧ್ವನಿಯ ಜೊತೆ ಕೂಡಿಸಿದ್ದಾರೆ. ಓಟ, ಹೊಡೆದಾಟ ಬಂದಾಗ ಏನೂ ತಿಳಿಯುವುದಿಲ್ಲ. ಒಂದೇ ಚಿತ್ರ ತುಂಬಾ ಹೊತ್ತು ನಿಂತಿರುತ್ತದೆ, ಹಿಂದೆ ಬರೀ ಗದ್ದಲ. ಆದರೆ ಕೋರ್ಟ್‌ನಿ ಮುಖ ಬಂತು ನೋಡಿ! ಮಸುಕು ಚಿತ್ರವೇ, ಆದರೂ ಆ ಮೀಸೆ, ಆ ನೆಟ್ಟಗಿನ ಗತ್ತು ಅವರದ್ದೇ. ನಾನು ಅಲ್ಲೇ ನಿಲ್ಲಿಸಿ ಸುಮ್ನೆ ನೋಡುತ್ತಾ ಕೂತೆ.

ಮೂರನೆಯದು ಬರೀ ಧ್ವನಿ. ಆಗಿನ ಅಭಿಮಾನಿಗಳು ಮನೆಯಲ್ಲೇ ಟೇಪ್ ರೆಕಾರ್ಡರ್ ಇಟ್ಟು ರೆಕಾರ್ಡ್ ಮಾಡಿಕೊಂಡಿದ್ದರು. ಕಳೆದುಹೋದ ಅಷ್ಟೂ ಕಂತುಗಳ ಧ್ವನಿ ಇವತ್ತು ಉಳಿದಿದ್ದರೆ ಆ ಪುಣ್ಯಾತ್ಮರಿಂದ. ಸಿಡಿಯಲ್ಲಿ ಡಾಕ್ಟರನ ಸಂಗಾತಿ ಜೇಮಿಯ ಪಾತ್ರ ಮಾಡಿದ ಫ್ರೇಜರ್ ಹೈನ್ಸ್ ಅವರೇ ನಡುನಡುವೆ ಏನಾಗುತ್ತಿದೆ ಅಂತ ಹೇಳುತ್ತಾರೆ. ಆಕಾಶವಾಣಿ ನಾಟಕ ಕೇಳಿ ಬೆಳೆದ ಕಿವಿಗೆ ಇದು ಕಷ್ಟವೇ ಅಲ್ಲ. ರಾತ್ರಿ ದೀಪ ಆರಿಸಿ ಹೆಡ್‌ಫೋನ್ ಹಾಕಿಕೊಂಡೆ. ಬೂಟಿನ ಸದ್ದು ಸುರಂಗದಲ್ಲಿ ಮಾರ್ದನಿಸುತ್ತದೆ, ಎಲ್ಲೋ ಯೇತಿಯನ್ನು ನಡೆಸುವ ಗೋಳದ ‘ಬೀಪ್ ಬೀಪ್’, ಆಮೇಲೆ ಮೌನ. ಆ ಮೌನದಲ್ಲಿ ನನಗೆ ನಿಜವಾಗಿ ಭಯ ಆಯಿತು. ಉಳಿದ ಎರಡರಲ್ಲಿ ಆಗಿರಲಿಲ್ಲ.

ಟೆರೆನ್ಸ್ ಡಿಕ್ಸ್ 1976ರಲ್ಲಿ ಬರೆದ ಕಾದಂಬರಿ ರೂಪವೂ ಇದೆ, ಓದಲು ಚೆನ್ನಾಗಿದೆ. ಆದರೆ ಅದು ಡಿಕ್ಸ್ ಹೇಳುವ ಕಥೆ, ಆ ಸಂಜೆ ಟಿವಿಯಲ್ಲಿ ಬಂದದ್ದಲ್ಲ, ಅಲ್ವಾ?

ನನ್ನ ಆಯ್ಕೆ ಧ್ವನಿ. ಆದರೆ ಕೇಳುವ ಮುಂಚೆ ಕ್ಯುರಾ ಚಿತ್ರಗಳನ್ನು ಒಂದು ಸಲ ನೋಡಿಕೊಳ್ಳಿ, ಮುಖಗಳು ಮನಸ್ಸಿನಲ್ಲಿ ಕೂತಿರಲಿ. ಮುಗಿದ ತಕ್ಷಣ ತಡ ಮಾಡದೆ ನಾಲ್ಕನೇ ಕಂತು ಹಾಕಿ. ಕಾವೆಂಟ್ ಗಾರ್ಡನ್‌ನಲ್ಲಿ ಹಾಡುಹಗಲೇ ಸೈನಿಕರಿಗೂ ಯೇತಿಗಳಿಗೂ ನಡೆಯುವ ಕಾಳಗ ಅದರಲ್ಲಿದೆ. ಅಷ್ಟು ಹೊತ್ತು ಕತ್ತಲಲ್ಲಿ ಬರೀ ಕೇಳಿಸಿಕೊಂಡ ಕರ್ನಲ್ ಅಲ್ಲಿ ಮೈತುಂಬ ಜೀವ ತುಂಬಿಕೊಂಡು ಎದುರಿಗೆ ಬರುತ್ತಾನೆ.