ರೋಬೋಟ್ ಕಿಟ್ ಹತ್ತಿರ ಜಾತ್ರೆಯ ‘32 ತುದಿ’ ಡಬ್ಬಿ ತರಬೇಡಿ

ಮನೆ ಮಕ್ಕಳಿಗೆ ರೋಬೋಟ್ ಕಿಟ್ ತಂದಿದ್ದೀರಾ? ಹಾಗಾದರೆ ‘ಒಂದೇ ಹಿಡಿಕೆ, 32 ತುದಿ’ ಅಂತ ಮಾರುವ ಸ್ಕ್ರೂಡ್ರೈವರ್ ಡಬ್ಬಿಯನ್ನು ಅದರಿಂದ ದೂರ ಇಡಿ. ಡ್ರೈವರ್ ಹಾಳಾದರೆ ಇನ್ನೊಂದು ತರಬಹುದು, ಅದು ದೊಡ್ಡ ಮಾತಲ್ಲ. ಆದರೆ ಅದು ಸುಮ್ನೆ ಹಾಳಾಗುವುದಿಲ್ಲ, ಸ್ಕ್ರೂವನ್ನೂ ಕೆಡಿಸಿಯೇ ಹೋಗುತ್ತದೆ. ಕುಮಟಾದಲ್ಲಿ ಕೂತು ಒಂದು ಎಂ2 (2 ಮಿ.ಮೀ. ದಪ್ಪದ) ಸ್ಕ್ರೂ ಹುಡುಕಿ ನೋಡಿ, ಆಗ ಗೊತ್ತಾಗ್ತದೆ.

ನಮ್ಮ ಡಬ್ಬಿ ಬಂದದ್ದು ಶಿರಸಿ ಮಾರಿಕಾಂಬಾ ಜಾತ್ರೆಯಿಂದ. ಬಳೆ ಅಂಗಡಿ ಸಾಲು ದಾಟಿದರೆ ಕತ್ತಿ, ಸುತ್ತಿಗೆ, ಪಾನಾ ಎಲ್ಲ ಹರಡಿಕೊಂಡು ಕೂತಿದ್ದ ಒಬ್ಬ. “ಕ್ರೋಮ್ ವೆನೇಡಿಯಂ ಸಾರ್, ಮೊಮ್ಮಕ್ಕಳ ಕಾಲಕ್ಕೂ ಬರ್ತದೆ” ಅಂದ. ಕ್ರೋಮ್ ವೆನೇಡಿಯಂ ಅಂದರೆ ಗಟ್ಟಿ ಜಾತಿಯ ಉಕ್ಕು. ಡಬ್ಬಿಯ ಮೇಲೂ ಹಾಗೇ ಬರೆದಿತ್ತು. ಬರೆಯಲಿಕ್ಕೆ ಖರ್ಚೇನು!

ಬೇಸಿಗೆ ರಜೆಗೆ ಬಂದ ತಂಗಿಯ ಮಗ ಕಿಟ್ ಬಿಚ್ಚಿದ. ಅಕ್ರಿಲಿಕ್ ತಟ್ಟೆ, ಹಳದಿ ಬಣ್ಣದ ಎರಡು ಗೇರ್ ಮೋಟರ್, ಹೇಳಿದಷ್ಟೇ ಕೋನಕ್ಕೆ ತಿರುಗುವ ಸಣ್ಣದೊಂದು ಸರ್ವೋ ಮೋಟರ್, ಮೋಟರ್‌ಗಳನ್ನು ಓಡಿಸುವ ‘ಮೋಟರ್ ಡ್ರೈವರ್’ ಅನ್ನುವ ಸರ್ಕ್ಯೂಟ್ ಬೋರ್ಡ್. ಮೊದಲ ಮೋಟರಿನ ಉದ್ದ ಸ್ಕ್ರೂಗೆ ನಟ್ ಹಾಕಿ ಬಿಗಿ ಮಾಡುತ್ತಿದ್ದ. “ಮಾವಾ, ಇದು ತಿರುಗ್ತಿಲ್ಲೆ” ಅಂದ. ತಿರುಗುತ್ತಿದ್ದದ್ದು ಡ್ರೈವರ್ ಮಾತ್ರ.

ತುದಿಯನ್ನು ಬೆಳಕಿಗೆ ಹಿಡಿದು ನೋಡಿದೆ. ಪ್ಲಸ್‌ನ ನಾಲ್ಕು ರೆಕ್ಕೆಗಳಲ್ಲಿ ಎರಡರ ಅಂಚು ಉರುಟಾಗಿತ್ತು. ಮೇಲಿನ ಹೊಳಪು ಸಿಪ್ಪೆ ಎದ್ದು, ಒಳಗೆ ಬೂದು ಬಣ್ಣದ ಮೆತ್ತನೆ ಲೋಹ ಕಾಣುತ್ತಿತ್ತು. ಸಿಪ್ಪೆಯ ಚೂರುಗಳಲ್ಲಿ ಒಂದೆರಡು ಬೋರ್ಡಿನ ಪಿನ್ನುಗಳ ನಡುವೆಯೇ ಬಿದ್ದಿದ್ದವು. ಅದನ್ನು ನೋಡದೆ ಬ್ಯಾಟರಿ ಸಿಕ್ಕಿಸಿದ್ದರೆ ಬೋರ್ಡ್ ಶಾರ್ಟ್ ಆಗಲಿಕ್ಕೂ ಸಾಕಿತ್ತು. ಸ್ಕ್ರೂ ತಲೆಯ ಪ್ಲಸ್ ಅಂತೂ ಸವೆದು ಗುಂಡಿಯಾಗಿತ್ತು. ರಬ್ಬರ್ ಬ್ಯಾಂಡ್ ನಡುವೆ ಇಟ್ಟು ಒತ್ತಿ ತಿರುಗಿಸಿದೆವು, ಹಿಡಿಯಲಿಲ್ಲ. ಕೊನೆಗೆ ತಲೆಯನ್ನು ನೋಸ್ ಪ್ಲೈಯರ್‌ನಲ್ಲಿ ಹಿಡಿದು ಎಳೆದಾಡುವಾಗ ಅಕ್ರಿಲಿಕ್ ತಟ್ಟೆ ತೂತಿನಿಂದ ಅಂಚಿನವರೆಗೆ ಸೀಳಿತು. ಮಾಣಿಯ ಮುಖ ನೋಡಬೇಕಿತ್ತು. ಅಷ್ಟರಲ್ಲಿ ಜಾತ್ರೆ ಮುಗಿದು ಎಷ್ಟು ದಿನವಾಗಿತ್ತೋ, ಅಂಗಡಿಯವನನ್ನು ಎಲ್ಲಿ ಅಂತ ಹುಡುಕುವುದು?

ಪ್ಲಸ್ ಅಂದ ಮಾತ್ರಕ್ಕೆ ಎಲ್ಲ ಒಂದೇ ಅಲ್ಲ. ಮಾಮೂಲಿ ಪ್ಲಸ್ ತುದಿಗೆ ಫಿಲಿಪ್ಸ್, ಚುಟುಕಾಗಿ ಪಿಎಚ್ ಅನ್ನುತ್ತಾರೆ; ಮುಂದಿನ ಅಂಕಿ ಅದರ ಅಳತೆ. ಮನೆಯ ಸ್ವಿಚ್ ಬೋರ್ಡಿಗೆ ಬಳಸುವುದು ಸಾಮಾನ್ಯವಾಗಿ ಪಿಎಚ್2, ಕಿಟ್‌ಗೆ ಅದು ದೊಡ್ಡದಾಯಿತು. ಎಂ3 ಸ್ಕ್ರೂಗೆ ಪಿಎಚ್1, ಸರ್ವೋದ ಪುಟ್ಟ ಸ್ಕ್ರೂಗಳಿಗೆ ಪಿಎಚ್0 ಬೇಕು. ಹಿಡಿಕೆಗೆ ಕಾಯಂ ಕೂತಿರುವ ಈ ಎರಡು ಡ್ರೈವರ್, ವೈರ್ ಸಿಕ್ಕಿಸುವ ಟರ್ಮಿನಲ್‌ಗೆ ಸಣ್ಣದೊಂದು ಚಪ್ಪಟೆ ತುದಿಯದು, ಇಷ್ಟಿದ್ದರೆ ಜಾಸ್ತಿಯೇ ಆಯಿತು. ಸ್ಕ್ರೂ ತಲೆಯಲ್ಲಿ ಆರು ಮೂಲೆಯ ತೂತಿದ್ದರೆ ಅಲೆನ್ ಕೀ ಬೇಕು. ಉದ್ದ ತಲೆಯ ಎಂ3ಗೆ 2.5 ಮಿ.ಮೀ., ಚಪ್ಪಟೆ ಗುಂಡು ತಲೆಯದಕ್ಕೆ 2 ಮಿ.ಮೀ. ಜಪಾನಿನ ಕಿಟ್ ಆದರೆ ಪ್ಲಸ್ ಪಕ್ಕದಲ್ಲಿ ಸಣ್ಣ ಚುಕ್ಕೆ ಇದೆಯಾ ನೋಡಿ. ಇದ್ದರೆ ಅದು ಜೆಐಎಸ್, ಅಂದರೆ ಜಪಾನಿನ ಮಾನದಂಡದ ಸ್ಕ್ರೂ. ನೋಡಲು ಒಂದೇ ಥರ ಕಂಡರೂ ನಮ್ಮ ಪಿಎಚ್ ತುದಿ ಅದರಲ್ಲಿ ಪೂರ್ತಿ ಕೂರುವುದಿಲ್ಲ.

ಅಂಗಡಿಗೆ ಹೋಗುವಾಗ ಕಿಟ್‌ನದೇ ಒಂದು ಸ್ಕ್ರೂ ಜೇಬಿನಲ್ಲಿ ಇಟ್ಟುಕೊಳ್ಳಿ. ಅದರ ತಲೆಗೆ ತುದಿ ಕೂರಿಸಿ ಅಲ್ಲಾಡಿಸಿ ನೋಡಿ. ಲಟಲಟ ಅಂದರೆ ಅಲ್ಲೇ ವಾಪಸ್ ಕೊಡಿ. ಮ್ಯಾಗ್ನೆಟ್ ಹಿಡಿದುಕೊಂಡಿತು ಅಂತ ಮರುಳಾಗಬೇಡಿ. ಮ್ಯಾಗ್ನೆಟ್‌ಗೂ ಸರಿಯಾಗಿ ಕೂರುವುದಕ್ಕೂ ಸಂಬಂಧವಿಲ್ಲ.

ಬಳಸುವಾಗ ತಿರುಗಿಸುವುದಕ್ಕಿಂತ ಒತ್ತುವುದಕ್ಕೆ ಬಲ ಹಾಕಿ. ಪಿಎಚ್‌ನ ಗೋಡೆಗಳು ಇಳಿಜಾರು, ಒತ್ತದಿದ್ದರೆ ತುದಿ ಮೇಲೆ ಹತ್ತಿ ಜಾರುತ್ತದೆ. ಪ್ಲಾಸ್ಟಿಕ್‌ಗೆ ನೇರ ಹೋಗುವ ಸ್ಕ್ರೂವನ್ನು ಎರಡನೇ ಸಲ ಹಾಕುವಾಗ ಮೊದಲು ಹಿಂದಕ್ಕೆ ತಿರುಗಿಸಿ. ‘ಟಕ್’ ಅಂತ ಹಳೇ ತಿರುಪಿನ ಗೆರೆಯೊಳಗೆ ಬಿದ್ದ ಮೇಲೆ ಮುಂದಕ್ಕೆ ತಿರುಗಿಸಿ. ಅಕ್ರಿಲಿಕ್‌ಗೆ ಹಾಕಿದ ಸ್ಕ್ರೂ ನಿಂತಿತು ಅಂದರೆ ನಿಂತಿತು, ಇನ್ನೊಂದು ಸುತ್ತಿನ ಆಸೆ ಬೇಡ.

ಮತ್ತೆ, ಕರೆಂಟ್ ನೋಡುವ ಟೆಸ್ಟರ್. ನಮ್ಮಲ್ಲಿ ಪ್ರತಿ ಮನೆಯಲ್ಲೂ ಅದೇ ಡ್ರೈವರ್, ಅಲ್ವಾ? ಬೇಡ. ಅದರ ಹಿಡಿಕೆಯೊಳಗೆ ರೆಸಿಸ್ಟರ್ ಮತ್ತು ಪುಟ್ಟ ನಿಯಾನ್ ದೀಪ ಇರುತ್ತವೆ. ಬಲ ಹಾಕಿ ತಿರುಗಿಸಿ ಹಿಡಿಕೆ ಬಿರುಕು ಬಿಟ್ಟರೆ, ಮುಂದಿನ ಸಲ ಪ್ಲಗ್‌ಗೆ ಹಾಕಿದವರ ಕೈಗೆ ಶಾಕ್ ಹೊಡೆಯಬಹುದು. ಮಕ್ಕಳ ಕೈಗಂತೂ ಕೊಡಲೇಬೇಡಿ.

ಕರಾವಳಿಯವರಿಗೆ ಇನ್ನೊಂದು ಕಾಟ ಉಪ್ಪುಗಾಳಿ. ಜೂನ್‌ನಲ್ಲಿ ಮಳೆ ಹಿಡಿದದ್ದೇ ತಡ, ಡಬ್ಬಿಯಲ್ಲಿ ಉಳಿದಿದ್ದ ತುದಿಗಳೆಲ್ಲ ಕೆಂಪು ಹಿಡಿದು ಒಂದಕ್ಕೊಂದು ಅಂಟಿದ್ದವು. ಒಳ್ಳೆಯ ಡ್ರೈವರಿಗೂ ತುಕ್ಕು ಬರುತ್ತದೆ. ಕೆಲಸ ಮುಗಿದ ಮೇಲೆ ಹೊಲಿಗೆ ಯಂತ್ರದ ಎಣ್ಣೆ ಸವರಿದ ಬಟ್ಟೆಯಿಂದ ಒರೆಸಿ, ಮುಚ್ಚಳ ಗಟ್ಟಿ ಇರುವ ಡಬ್ಬಿಯಲ್ಲಿ ಇಡಿ.