ಬಿಸಿಯಾದರೆ ಏಳದ ಕಾರು: ಸ್ಕ್ಯಾನರ್, ಡಾಂಗಲ್, ಚಾಚಾನ ಮೀಟರ್

ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಏಳುವ ನನ್ನ ಹಳೇ ಪೆಟ್ರೋಲ್ ಕಾರು, ಮಧ್ಯಾಹ್ನ ಬಳ್ಳಾರಿಯ ಸುಧಾ ಕ್ರಾಸ್ ರೈಲ್ವೆ ಗೇಟ್‌ನಲ್ಲಿ ಆಫ್ ಮಾಡಿದರೆ ಮುಗೀತು. ಗೇಟ್ ತೆಗೆದರೂ ಕಾರು ಏಳುವುದಿಲ್ಲ. ಸೆಲ್ಫ್ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಹಿಂದೆ ಲಾರಿಯವನ ಹಾರ್ನ್ ಬೇರೆ. 20 ನಿಮಿಷ ಬಿಟ್ಟರೆ ಏನೂ ಆಗದವರ ಥರ ಸ್ಟಾರ್ಟ್.

ಮೊದಲು ಸರ್ವಿಸ್ ಸೆಂಟರ್. ಸ್ಕ್ಯಾನಿಂಗ್‌ಗೆ 1,100 ರೂಪಾಯಿ. ಅವರ ಯಂತ್ರ ದೊಡ್ಡದೇ, ಎಬಿಎಸ್, ಏರ್‌ಬ್ಯಾಗ್ ಎಲ್ಲ ಓದುತ್ತದೆ. ಆದರೆ ಕಾರು ಅವರ ನೆರಳಲ್ಲಿ ತಣ್ಣಗೆ ನಿಂತಿತ್ತು. ದೋಷ ಏನೆಂದು ಹೇಳುವ ಕೋಡ್ ಒಂದೂ ಇಲ್ಲ. 'ಫ್ಯೂಯಲ್ ಪಂಪ್ ಇರಬಹುದು ಸರ್, 9,000 ಆಗತ್ತೆ' ಎಂದರು. 'ಇರಬಹುದು'ಗೆ ಅಷ್ಟು ದುಡ್ಡು ಜಾಸ್ತಿ ಅಲ್ವಾ?

ಎರಡನೆಯದು 700 ರೂಪಾಯಿಯ ಬ್ಲೂಟೂತ್ ಡಾಂಗಲ್. ಸ್ಟೇರಿಂಗ್ ಕೆಳಗೆ, ಕಾರಿನ ಕಂಪ್ಯೂಟರ್ ಓದಲು ಇರುವ ಓಬಿಡಿ ಪೋರ್ಟ್‌ಗೆ ಚುಚ್ಚಿ, ಮೊಬೈಲ್‌ನಲ್ಲಿ ನೋಡುವುದು. ಮತ್ತೆ ಗೇಟ್ ಹತ್ತಿರ ಕೈಕೊಟ್ಟಾಗ ಅಲ್ಲೇ ಹಚ್ಚಿದೆ. ಇದರಲ್ಲೂ ಕೋಡ್ ಇಲ್ಲ. ಆದರೆ ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಸೊನ್ನೆ! ತಣ್ಣಗಿದ್ದಾಗ ಹೊಡೆದರೆ 200ರ ಹತ್ತಿರ ತೋರಿಸುತ್ತಿತ್ತು. ಎಂಜಿನ್ ತಿರುಗುತ್ತಿದೆ ಎಂದು ಇಸಿಯುಗೆ (ಎಂಜಿನ್ ನಡೆಸುವ ಕಂಪ್ಯೂಟರ್‌ಗೆ) ಸುದ್ದಿ ಕೊಡುವುದು ಕ್ರ್ಯಾಂಕ್ ಸೆನ್ಸರ್. ಅದೇ ಬಾಯಿ ಮುಚ್ಚಿದರೆ ಇಸಿಯು ಲೆಕ್ಕದಲ್ಲಿ ಎಂಜಿನ್ ನಿಂತೇ ಇದೆ. ನಿಂತ ಎಂಜಿನ್‌ಗೆ ಪೆಟ್ರೋಲೂ ಇಲ್ಲ, ಕಿಡಿಯೂ ಇಲ್ಲ. ಈ ಸೆನ್ಸರ್ ದೋಷದ ಪಿ0335 ಕೋಡ್ ಬರಬೇಕಿತ್ತು ಅಂತ ಕಾದಿದ್ದೆ, ನನ್ನ ಕಾರಿನಲ್ಲಿ ಬರಲೇ ಇಲ್ಲ. ಡಾಂಗಲ್‌ನ ಕಿರಿಕಿರಿ ಏನೆಂದರೆ, ಬ್ಯಾಟರಿ ವೀಕ್ ಇದ್ದರೆ ಸೆಲ್ಫ್ ಹೊಡೆದಾಗ ಅದರ ಕನೆಕ್ಷನ್ನೇ ಕಡಿದುಹೋಗುತ್ತದೆ. ಸೊನ್ನೆ ಕಂಡರೆ ಎರಡು ಮೂರು ಸಲ ನೋಡಿ.

ಸೆನ್ಸರ್ ತಂದುಬಿಡೋಣ ಎಂದು ಹೊರಟವನನ್ನು ತಡೆದಿದ್ದು ಕೌಲ್ ಬಜಾರ್‌ನ ಮೆಕ್ಯಾನಿಕ್ ಚಾಚಾ. 'ವೈರ್ ಕಟ್ ಆಗಿದ್ರೂ ಸೊನ್ನೇನೇ ಬರ್ತದೆ, ತಡೀರಿ' ಎಂದರು. ತಣ್ಣಗಿದ್ದಾಗಲೇ ಗೇರ್‌ಬಾಕ್ಸ್ ಹತ್ತಿರದ ಸೆನ್ಸರ್‌ನ ಕನೆಕ್ಟರ್ ಕಿತ್ತು ಮೀಟರ್ ಇಟ್ಟರು: 860 ಓಮ್. ವೈರ್ ಅಲುಗಾಡಿಸಿ ಇಸಿಯುವರೆಗೂ ನೋಡಿದರು, ಸರಿ ಇತ್ತು. ಆಮೇಲೆ ಅರ್ಧ ಗಂಟೆ ಎಂಜಿನ್ ಓಡಿಸಿ, ಆಫ್ ಮಾಡಿ, ಬಾನೆಟ್ ಮುಚ್ಚಿಟ್ಟರು. ಚಹಾ ಬಂತು. ಕಾರು ಏಳಲಿಲ್ಲ. ಮತ್ತೆ ಮೀಟರ್ ಇಟ್ಟರೆ ಓಎಲ್, ಅಂದರೆ ಒಳಗಿನ ಸುರುಳಿ ತಂತಿ ಬಿಸಿಗೆ ಬಿಟ್ಟುಕೊಂಡಿದೆ. ಸೆನ್ಸರ್ ಮೇಲೆ ಒದ್ದೆ ಬಟ್ಟೆ ಹಾಕಿದರು. ಎರಡೇ ನಿಮಿಷ, ಸ್ಟಾರ್ಟ್!

ಕೂಲಿ 400, ಸೆನ್ಸರ್ 1,350. ಪಂಪ್ ಹಳೆಯದೇ ಇದೆ.

ನನ್ನ ಮಟ್ಟಿಗೆ ಡಾಂಗಲ್ ಮೊದಲು, ಚಾಚಾ ನಂತರ. ಏರ್‌ಬ್ಯಾಗ್ ಲೈಟ್ ಹತ್ತಿದರೆ ಮಾತ್ರ ಸರ್ವಿಸ್ ಸೆಂಟರ್‌ಗೇ ಹೋಗುತ್ತೇನೆ, ಅದು ಡಾಂಗಲ್‌ಗೆ ಎಟುಕುವ ಕೆಲಸ ಅಲ್ಲ. ಇನ್ನೊಂದು, ಚಾಚಾನ ಓಮ್ ಲೆಕ್ಕ ಎರಡು ವೈರಿನ ಸುರುಳಿ ಸೆನ್ಸರ್‌ಗೆ. ನಿಮ್ಮದು ಮೂರು ವೈರಿನ ಹಾಲ್ ಸೆನ್ಸರ್ (ಒಳಗೆ ಸುರುಳಿ ಬದಲು ಚಿಪ್) ಆಗಿದ್ದರೆ ಓಮ್ ಅಳೆದು ಪ್ರಯೋಜನವಿಲ್ಲ, ವೋಲ್ಟೇಜ್ ಬರುತ್ತಿದೆಯಾ, ಸಿಗ್ನಲ್ ಬಡಿಯುತ್ತಿದೆಯಾ ನೋಡಬೇಕು.