ಹಳೆಯ ಅಲಾಯ್ ವೀಲ್ ಪಾಲಿಶ್‌ಗೆ ಕೊಡುವ ಮುನ್ನ ಇದನ್ನು ಓದಿ

ಇಪ್ಪತ್ತು ವರ್ಷ ಓಡಿದ ನಾಲ್ಕು ಅಲಾಯ್ ವೀಲ್‌ಗಳು ಪಾಲಿಶ್ ಆಗಿ ವಾಪಸ್ ಬಂದಾಗ ಮುಖ ಕಾಣುವಷ್ಟು ಹೊಳೆಯುತ್ತಿದ್ದವು. ಮೂರನೇ ವಾರಕ್ಕೆ ಒಂದು ವೀಲ್‌ನ ಐದು ನಟ್‌ಗಳಲ್ಲಿ ಮೂರು ಕೈಯಲ್ಲೇ ತಿರುಗುವಷ್ಟು ಸಡಿಲ. ನಾಲ್ಕನೇ ತಿಂಗಳಿಗೆ ಕ್ಲಿಯರ್ ಕೋಟ್ (ಮೇಲೆ ಹೊಡೆಯುವ ಪಾರದರ್ಶಕ ಪದರ) ಅಡಿಯಲ್ಲಿ ಹುಳು ಹರಿದಾಡಿದ ಹಾಗೆ ಬಿಳಿ ಗೆರೆಗಳು.

ನಟ್ ವಿಷಯ ಮೊದಲು. ಜೀವಕ್ಕೆ ಕುತ್ತು ತರುವುದು ಅದೇ. ಅಂಗಡಿಯವರು ಮುಂಭಾಗಕ್ಕೆ ಬಫಿಂಗ್ (ತಿರುಗುವ ಬಟ್ಟೆ ಚಕ್ರದಿಂದ ಉಜ್ಜಿ ಹೊಳಪು) ಮಾಡಿ, ಹಿಂಭಾಗಕ್ಕೆ ಪೌಡರ್ ಕೋಟಿಂಗ್ (ಪುಡಿ ಬಣ್ಣ ಸಿಂಪಡಿಸಿ ಬಿಸಿಯಲ್ಲಿ ಕೂರಿಸುವ ಲೇಪ) ಹೊಡೆದಿದ್ದರು. ನಟ್ ಕೂರುವ ಇಳಿಜಾರು ಗುಳಿಯನ್ನಾಗಲಿ, ಹಬ್‌ಗೆ (ವೀಲ್ ಬೋಲ್ಟ್ ಆಗುವ ಕಾರಿನ ಭಾಗ) ಒತ್ತಿ ಕೂರುವ ಹಿಂಬದಿಯನ್ನಾಗಲಿ ಮುಚ್ಚಿಕೊಂಡಿರಲಿಲ್ಲ. ಅಲ್ಲಿ ಲೋಹಕ್ಕೆ ಲೋಹವೇ ತಾಗಬೇಕು. ನಡುವೆ ಪೌಡರ್ ಪದರ ಇದ್ದರೂ ಟಾರ್ಕ್ ರೆಂಚ್ (ನಟ್ ಎಷ್ಟು ಬಿಗಿ ಎಂದು ಅಳೆಯುವ ಪಾನಾ) ಸರಿಯಾದ ಅಂಕಿಯನ್ನೇ ತೋರಿಸುತ್ತದೆ. ಬ್ರೇಕ್‌ನ ಬಿಸಿಗೆ, ಓಟದ ಒತ್ತಡಕ್ಕೆ ಆ ಪದರ ಹಿಂಡಿ ತೆಳ್ಳಗಾದಂತೆ ಬಿಗಿ ಇಳಿದುಹೋಗುತ್ತದೆ. ನಟ್ ಬಿಚ್ಚಿ ಟಾರ್ಚ್ ಹಿಡಿದು ನೋಡಿದರೆ, ಕಪ್ಪು ಪೌಡರ್ ಸುಲಿದು ಗುಳಿಯ ಅಂಚಿನಲ್ಲಿ ಉಂಗುರದ ಹಾಗೆ ಮುದ್ದೆಗಟ್ಟಿತ್ತು.

ಕೋಟಿಂಗ್‌ಗೆ ಕೊಡುವಾಗಲೇ ಗುಳಿಗಳಿಗೆ ಸಿಲಿಕೋನ್ ಬಿರಡೆ, ಹಬ್ ಮುಖಕ್ಕೆ ಶಾಖ ತಡೆಯುವ ಟೇಪ್ ಹಾಕಲು ಹೇಳಿ. ಈಗಾಗಲೇ ಪೌಡರ್ ಕೂತಿದ್ದರೆ ಪೇಂಟ್ ರಿಮೂವರ್‌ನಿಂದ ತೆಗೆಯಿರಿ. ಡ್ರಿಲ್ ಹಾಕಿದರೆ ಗುಳಿಯ ಕೋನ ಕೆಟ್ಟು ವೀಲ್ ಗುಜರಿಗೇ ಹೋಗಬೇಕು. ವೀಲ್ ಹಾಕಿದ ಮೇಲೆ 50ರಿಂದ 100 ಕಿ.ಮೀ. ಓಡಿಸಿ, ತಣ್ಣಗಾದಾಗ ಮತ್ತೊಮ್ಮೆ ಟಾರ್ಕ್ ನೋಡಿ.

ಬಿಳಿ ಗೆರೆಗಳ ಮೂಲ ಕಾಸ್ಟಿಕ್ ಸೋಡಾ. ಹಳೆಯ ಬಣ್ಣ ಬೇಗ ಬಿಡಲಿ ಎಂದು ವೀಲ್‌ಗಳನ್ನು ಅದರ ತೊಟ್ಟಿಯಲ್ಲಿ ಮುಳುಗಿಸಿದ್ದರು. ಅದು ಬಣ್ಣದ ಜೊತೆಗೆ ಅಲ್ಯೂಮಿನಿಯಂ ಅನ್ನೂ ತಿನ್ನುತ್ತದೆ. ಗುಳ್ಳೆಗಳು ಏಳುತ್ತವೆ, ಮೇಲೆ ಕಪ್ಪು ಮಸಿ ನಿಲ್ಲುತ್ತದೆ. ಎರಕದ ಸೂಕ್ಷ್ಮ ರಂಧ್ರಗಳಲ್ಲಿ ಕ್ಷಾರ ಉಳಿದು, ಅದರ ಮೇಲೆ ಬಫಿಂಗ್ ಸೋಪಿನ ಮೇಣ ತುಂಬಿ, ಅದರ ಮೇಲೆ ಕ್ಲಿಯರ್ ಕೋಟ್ ಬಿದ್ದರೆ ಹಿಡಿತ ಎಲ್ಲಿಂದ ಬರಬೇಕು? ಒಂದು ಕಲ್ಲೇಟು ಬಿದ್ದಲ್ಲಿ ತೇವ ನುಗ್ಗಿ, ಅಲ್ಲಿಂದ ಗೆರೆ ಹರಿಯುತ್ತಾ ಹೋಗುತ್ತದೆ.

ಅಲ್ಯೂಮಿನಿಯಂಗೆ ಆಗುವಂಥದ್ದು ಎಂದು ಡಬ್ಬದ ಮೇಲೆ ಬರೆದಿರುವ ರಿಮೂವರ್ ಸಾಕು, ಕೆರೆಯಲು ಪ್ಲಾಸ್ಟಿಕ್ ಪಟ್ಟಿ. ಆಮೇಲೆ ನೀರು ಹಾಕಿಕೊಂಡು 400, 600, 800, 1000, 1500, 2000 ನಂಬರಿನ ವಾಟರ್ ಪೇಪರ್ (ನಂಬರ್ ಏರಿದಷ್ಟೂ ನುಣುಪು). ಪ್ರತಿ ಸಲ ಉಜ್ಜುವ ದಿಕ್ಕು ಅಡ್ಡ ಬದಲಿಸಿ. ಹಿಂದಿನ ಕಾಗದದ ಗೀರು ಪೂರ್ತಿ ಅಳಿಯದೆ ಮುಂದಿನದು ಹಿಡಿಯಬೇಡಿ. ಕಬ್ಬಿಣದ ತಂತಿ ಬ್ರಷ್ ಬೇಡವೇ ಬೇಡ, ಅದರ ಚೂರು ಸಿಕ್ಕಿಕೊಂಡು ತುಕ್ಕಿನ ಚುಕ್ಕೆ ಏಳುತ್ತದೆ. ನಮ್ಮ ಮಟ್ಟಿಗೆ, ಕನ್ನಡಿ ಪಾಲಿಶ್ ಮೇಲೆ ಕ್ಲಿಯರ್ ಕೋಟ್ ಹೊಡೆಸುವುದಕ್ಕಿಂತ ವ್ಯಾಕ್ಸ್ ಹಚ್ಚಿ ಆಗಾಗ ಕೈಯಲ್ಲಿ ಉಜ್ಜಿಕೊಳ್ಳುವುದೇ ವಾಸಿ.

ಬಣ್ಣ ಸುಟ್ಟು ತೆಗೆಯುವ 400 ಡಿಗ್ರಿ ಸೆಲ್ಸಿಯಸ್‌ನ ಒಲೆಗೆ ಮಾತ್ರ ಒಪ್ಪಲೇಬೇಡಿ. ಕಾರ್ಖಾನೆಯಲ್ಲಿ ಶಾಖ ಕೊಟ್ಟು ತಂದ ಗಟ್ಟಿತನವೇ ಹೋಗುತ್ತದೆ, ಹೊರಗೆ ಏನೂ ಕಾಣುವುದಿಲ್ಲ.

ಇನ್ನೊಂದು: ತೀರಾ ಹಳೆಯ ರೇಸಿಂಗ್ ವೀಲ್ ಮೆಗ್ನೀಷಿಯಂನದ್ದೂ ಇರಬಹುದು. ಒಳಬದಿಯಲ್ಲಿ ಚೂರು ಕೆರೆದು ಒಂದು ಹನಿ ವಿನೆಗರ್ ಹಾಕಿ. ತಕ್ಷಣ ನೊರೆಗುಟ್ಟಿದರೆ ಮೆಷಿನ್ ಹಚ್ಚಬೇಡಿ. ಅದರ ಧೂಳಿಗೆ ಬೆಂಕಿ ಹತ್ತಿದರೆ ನೀರು ಸುರಿದಷ್ಟೂ ಉರಿ ಜೋರಾಗುತ್ತದೆ.